ಡಿಕ್ರಿ ಬಂತು, ದಣಪೆ ತೆಗೆಯಲಿಲ್ಲ

2019ರ ಜುಲೈ 17ರ ಸಂಜೆ. ಶಿವಮೊಗ್ಗದಲ್ಲಿ ಮಳೆ ಹಿಡಿದಿತ್ತು. ನನ್ನ ಆಫೀಸಿನ ಜೂನಿಯರ್ ಹುಡುಗ ಮೊಬೈಲ್ ಹಿಡಿದು ಕುಣಿಯುತ್ತಿದ್ದ. 'ಸರ್, ಹೇಗ್‌ನಲ್ಲಿ ಗೆದ್ವಿ! 15-1!' ಪಾಕಿಸ್ತಾನ ಬೇಹುಗಾರನೆಂದು ಗಲ್ಲು ಶಿಕ್ಷೆ ಕೊಟ್ಟಿದ್ದ ನಮ್ಮ ಕುಲಭೂಷಣ್ ಜಾಧವ್ ಪ್ರಕರಣದಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯದ ತೀರ್ಪು ಅದು. ಹದಿನೈದು ನ್ಯಾಯಾಧೀಶರು ಪರ, ಒಬ್ಬರು ವಿರುದ್ಧ. ಎದುರು ಕುರ್ಚಿಯಲ್ಲಿ ತೀರ್ಥಹಳ್ಳಿ ಕಡೆಯ ಗೌಡ್ರು ಕೂತಿದ್ದರು. ತೊಡೆಯ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಅವರದ್ದೇ ಡಿಕ್ರಿ, ಅಂದರೆ ಅವರ ಕೇಸಿನ ಕೋರ್ಟ್ ಆದೇಶ. 'ಗೆದ್ರೆ ಆಯ್ತೇನೋ ಮಾರಾಯ? ಬಿಡ್ತಾರಾ ಅವರು?' ಅಂದರು.

ಗೌಡ್ರ ಕೇಸು ಅಡಿಕೆ ತೋಟದ ದಾರಿಯದ್ದು. ಪಕ್ಕದವರು ದಾರಿಗೆ ಅಡ್ಡ ದಣಪೆ (ಬೇಲಿಯ ಗೇಟು) ಹಾಕಿ ಬೀಗ ಜಡಿದಿದ್ದರು. ಆರು ವರ್ಷ ನಡೆಸಿ ಗೆದ್ದೆವು. ಡಿಕ್ರಿ ಜಾರಿ ಮಾಡಿಸಿ ಅಂತ ಅಮಲ್ಜಾರಿ ಅರ್ಜಿ ಹಾಕಿದೆ. ಆದೇಶ ಜಾರಿ ಮಾಡುವ ಕೋರ್ಟಿನ ಅಮೀನರು ಸ್ಥಳಕ್ಕೆ ಹೋದರು. ಡಿಕ್ರಿ ಓದಿ, 'ವಕೀಲ್ರೇ, ಎಷ್ಟು ಅಗಲ ಬಿಡಿಸ್ಲಿ?' ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ದಾವೆಯಲ್ಲಿ ನಾನು ಬರೆದದ್ದು 'ರೂಢಿಯ ದಾರಿ' ಅಂತ ಮಾತ್ರ. ಅಳತೆ ಇಲ್ಲ, ನಕ್ಷೆ ಇಲ್ಲ. ಪಕ್ಕದವರು ಮೂರು ಅಡಿ ಬಿಟ್ಟು, 'ರೂಢಿ ಅಂದ್ರೆ ಇಷ್ಟೇ, ತಲೆಹೊರೆ ದಾರಿ' ಅಂದರು. ಗೊನೆ ತುಂಬಿದ ಪಿಕಪ್ ಅದರಲ್ಲಿ ಹೋಗುತ್ತಾ? ತಪ್ಪು ನನ್ನದೇ. ಇವತ್ತಿಗೂ ಅದು ನನ್ನನ್ನು ಕಾಡುತ್ತದೆ.

ಅದಕ್ಕೇ ಅವತ್ತು ರಾತ್ರಿ ಜಾಧವ್ ತೀರ್ಪಿನ ಕೊನೆಯ ಪುಟಗಳನ್ನು ಎರಡು ಸಲ ಓದಿದೆ. ಬಿಡುಗಡೆ ಮಾಡಿಸಿ ಅಂತ ಭಾರತ ಕೇಳಿತ್ತು, ಕೋರ್ಟು ಒಪ್ಪಲಿಲ್ಲ. ನಮ್ಮ ರಾಯಭಾರ ಕಚೇರಿಯವರಿಗೆ ಅವರನ್ನು ಭೇಟಿ ಮಾಡಲು ಬಿಡಬೇಕು, ಶಿಕ್ಷೆಯನ್ನು ಪರಿಣಾಮಕಾರಿಯಾಗಿ ಮರುಪರಿಶೀಲಿಸಬೇಕು, ಅಲ್ಲಿಯವರೆಗೆ ಗಲ್ಲಿಗೇರಿಸಬಾರದು ಅಂತ ಹೇಳಿತು. ಮರುಪರಿಶೀಲನೆ ಯಾವ ರೀತಿ ಅನ್ನೋದನ್ನು ಪಾಕಿಸ್ತಾನದ ಆಯ್ಕೆಗೇ ಬಿಟ್ಟಿತು. ಅದಕ್ಕಾಗಿ ಅಲ್ಲಿನ ಸಂಸತ್ತು ಕಾನೂನು ಮಾಡಿದ್ದು 2021ರಲ್ಲಿ. ಒಂದು ಜೀವದ ಮೇಲಿನ ಹಗ್ಗ ತಡೆದದ್ದು ಸಣ್ಣ ಮಾತಲ್ಲ. ಆದರೆ 'ಗೆದ್ವಿ' ಅನ್ನೋ ಮಾತಿಗಿಂತ ತೀರ್ಪಿನ ಅಳತೆ ಚಿಕ್ಕದಿತ್ತು.

ನಮಗಾದರೂ ಅಮೀನರಿದ್ದಾರೆ, ಪೊಲೀಸ್ ರಕ್ಷಣೆ ಕೇಳಬಹುದು. ಹೇಗ್‌ನ ಕೋರ್ಟಿಗೆ ಅಮೀನರೇ ಇಲ್ಲ. ತೀರ್ಪು ಪಾಲಿಸದಿದ್ದರೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಹೋಗಬೇಕು. ಅಲ್ಲಿ ಐದು ದೇಶಗಳ ಕೈಯಲ್ಲಿ ವೀಟೊ ಇದೆ. 1986ರಲ್ಲಿ ನಿಕರಾಗುವಾ ಅಮೆರಿಕದ ವಿರುದ್ಧ ಗೆದ್ದಿತು. ಮಂಡಳಿಗೆ ಹೋದರೆ ಅಮೆರಿಕವೇ ವೀಟೊ ಹಾಕಿತು. 1990ರಲ್ಲಿ ನಿಕರಾಗುವಾದಲ್ಲಿ ಸರ್ಕಾರ ಬದಲಾಯಿತು. ಮರುವರ್ಷ ಹೊಸ ಸರ್ಕಾರ ಪರಿಹಾರದ ಕೇಸನ್ನೇ ವಾಪಸ್ ಪಡೆಯಿತು.

ಇದರ ಇನ್ನೊಂದು ಮುಖವೂ ಇದೆ. ಬಂಗಾಳ ಕೊಲ್ಲಿಯ ಗಡಿ ವಿಷಯದಲ್ಲಿ 2014ರಲ್ಲಿ ಹೇಗ್‌ನ ಮಧ್ಯಸ್ಥಿಕೆ ಮಂಡಳಿ ಕೊಟ್ಟ ತೀರ್ಪು ನೋಡಿ. ವಿವಾದದಲ್ಲಿದ್ದ ಸುಮಾರು 25,600 ಚದರ ಕಿ.ಮೀ. ಸಮುದ್ರದಲ್ಲಿ 19,467 ಬಾಂಗ್ಲಾದೇಶಕ್ಕೆ ಹೋಯಿತು. ಭಾರತ ಅದನ್ನು ಒಪ್ಪಿಕೊಂಡಿತು. ಯಾರೂ ಬಲವಂತ ಮಾಡಿರಲಿಲ್ಲ. ಮರುವರ್ಷ ಎರಡೂ ದೇಶಗಳು ಭೂಗಡಿಯ ತಕರಾರನ್ನೂ ಬಗೆಹರಿಸಿಕೊಂಡವು. ನನಗೆ ಅನ್ನಿಸೋದು, ಅಕ್ಕಪಕ್ಕ ಇರುವವರಿಗೆ ಒಬ್ಬರಿಂದ ಒಬ್ಬರಿಗೆ ಏನೋ ಬೇಕಿರುತ್ತದೆ. ಅದು ಇದ್ದಾಗ ತೀರ್ಪು ಒಪ್ಪೋದು ಸುಲಭ.

ಇದನ್ನೇ ಗೌಡ್ರ ಹತ್ತಿರ ಕೇಳಿದೆ. 'ಅವರಿಗೆ ನಿಮ್ಮಿಂದ ಏನು ಬೇಕು?' ಸ್ವಲ್ಪ ಹೊತ್ತು ಸುಮ್ಮನಿದ್ದರು. 'ನೀರಿನ ಪೈಪು. ನನ್ನ ಬೇಣದ (ಹುಲ್ಲುಗಾವಲಿನ) ಮೇಲೆ ಹಾಯಿಸ್ಬೇಕು ಅಂತ ಮೂರು ವರ್ಷದಿಂದ ಕೇಳ್ತಿದಾರೆ. ನಾನೇ ಬಿಟ್ಟಿಲ್ಲ.'

ಒಂದು ಭಾನುವಾರ ಪಕ್ಕದವರ ಅಂಗಳದಲ್ಲಿ ಕೂತೆವು. ಇವರು ಪೈಪಿಗೆ ಜಾಗ ಬಿಟ್ಟರು, ಅವರು ಹತ್ತು ಅಡಿ ದಾರಿ ಬಿಟ್ಟರು. ಈ ಸಲ ನಾನೇ ಟೇಪ್ ಹಿಡಿದೆ. ಎರಡು ಕಡೆ ಕಲ್ಲು ನೆಟ್ಟು, ನಕ್ಷೆ ಬರೆಸಿ, ರಾಜಿಯನ್ನು ಕೋರ್ಟಿನಲ್ಲಿ ದಾಖಲಿಸಿದೆವು.

ಈಗ ದಾರಿ ಕೇಸು ಬಂದರೆ ಮೊದಲ ವಾರವೇ ಜೂನಿಯರ್ ಹುಡುಗನನ್ನು ಟೇಪ್ ಕೊಟ್ಟು ಜಾಗಕ್ಕೆ ಕಳಿಸುತ್ತೇನೆ. ಅಳತೆಯ ಜೊತೆ ಪಕ್ಕದವರ ನೀರು ಎಲ್ಲಿಂದ ಬರುತ್ತೆ ಅಂತಲೂ ಬರೆದುಕೊಂಡು ಬರುತ್ತಾನೆ.