ಒಳ್ಳೆ ಟೀಚರನ್ನ ಯಾಕೆ ಕೊಂದಳು ಅಂತ ಕೇಳುವವರಿಗೆ

ಇದನ್ನ ಒಂದು ಸಲ ಬರೆದು ಇಟ್ಟುಬಿಡುತ್ತೇನೆ. ಇನ್ನು ಮುಂದೆ ಯಾರಾದರೂ ಕೇಳಿದರೆ ಲಿಂಕ್ ಕಳಿಸಿ ನನ್ನ ಪಾಡಿಗೆ ನಾನು ಅನ್ನ ಸಾರು ಮಾಡಿಕೊಳ್ಳಬಹುದು.

ಪ್ರಶ್ನೆ ಇಷ್ಟೇ: "ಕ್ಯಾರಿ ಆ ಒಳ್ಳೆ ಟೀಚರನ್ನ ಯಾಕೆ ಕೊಂದಳು?"

ಹಾರರ್ ಸಿನಿಮಾ ಎಲ್ಲಿಂದ ಶುರು ಮಾಡಲಿ ಅಂತ ಕೇಳಿದವರಿಗೆಲ್ಲ ನಾನು 1976ರ 'ಕ್ಯಾರಿ' ನೋಡಿ ಅನ್ನುತ್ತೇನೆ. ನೋಡುತ್ತಾರೆ. ಆಮೇಲೆ ಮೆಸೇಜ್ ಬರುತ್ತದೆ. ಮೊದಲು "ಸೂಪರ್", ಅದರ ಹಿಂದೆಯೇ "ಆದ್ರೆ". "ಆದ್ರೆ ಪಾಪ, ಆ ಟೀಚರ್ ಏನು ಮಾಡಿದ್ರು?" ಒಂದೂಕಾಲು ಗಂಟೆ ಆ ಹುಡುಗಿ ಪಡಬಾರದ ಪಾಡು ಪಡುತ್ತಾಳೆ. ಆಗ ಒಬ್ಬರ ಬಾಯಿಂದಲೂ ಪಾಪ ಅಂತ ಬರುವುದಿಲ್ಲ. ಅವಳು ತಿರುಗಿ ಬಿದ್ದ ಕೂಡಲೇ ಎಲ್ಲರಿಗೂ ನ್ಯಾಯ ಅನ್ಯಾಯ ನೆನಪಾಗುತ್ತದೆ. ನನಗೆ ಮೈ ಉರಿಯುವುದು ಅಲ್ಲೇ.

ಇನ್ನು ಕೆಲವರು ಕೇಳುವುದು ಬೇರೆ. "ನಿಮಗೂ ಸ್ಕೂಲಲ್ಲಿ ಹೀಗೇ ಆಗಿತ್ತಾ? ಅದಕ್ಕೇ ಈ ಸಿನಿಮಾ ಅಂದ್ರೆ ಇಷ್ಟನಾ?" ಸೇತುವೆ ಕಟ್ಟುವ ಇಂಜಿನಿಯರನ್ನ ಹಿಡಿದು "ನೀವು ಚಿಕ್ಕವರಿದ್ದಾಗ ಹೊಳೆಗೆ ಬಿದ್ದಿದ್ರಾ" ಅಂತ ಕೇಳುತ್ತೀರಾ? ಇಲ್ಲ ಅಲ್ವಾ. ಹಾಗಾದರೆ ನನ್ನನ್ನೂ ಬಿಡಿ.

ನೋಡದವರಿಗೆ ಕಥೆ ಹೇಳುತ್ತೇನೆ. ಕ್ಯಾರಿ ವೈಟ್ ಅಮೆರಿಕದ ಒಂದು ಹೈಸ್ಕೂಲಿನ ಕೊನೆ ವರ್ಷದ ಹುಡುಗಿ. ಮನೆಯಲ್ಲಿ ದೇವರ ಹುಚ್ಚು ಹಿಡಿದ ತಾಯಿ. ಹೆಣ್ಣಿನ ಮೈಯೇ ಪಾಪ ಅನ್ನುವವಳು, ಮಗಳಿಗೆ ಮುಟ್ಟಿನ ವಿಷಯವನ್ನೇ ಹೇಳಿಲ್ಲ. ಒಂದು ದಿನ ಶಾಲೆಯ ಬಚ್ಚಲಲ್ಲಿ ರಕ್ತ ಕಂಡು ಸತ್ತೇ ಹೋಗುತ್ತಿದ್ದೇನೆ ಅಂತ ಹುಡುಗಿ ಕಿರುಚುತ್ತಾಳೆ. ಜೊತೆಯ ಹುಡುಗಿಯರು ನಗುತ್ತಾ ಅವಳ ಮೇಲೆ ಪ್ಯಾಡು ಎಸೆಯುತ್ತಾರೆ. ಅದೇ ಹೊತ್ತಿಗೆ ಅವಳಿಗೆ ಮನಸ್ಸಿನಿಂದಲೇ ವಸ್ತುಗಳನ್ನ ಅಲುಗಾಡಿಸುವ ಶಕ್ತಿ ಬರುತ್ತದೆ. ಮಾಡಿದ್ದಕ್ಕೆ ನಾಚಿಕೆಪಟ್ಟ ಸೂ ಅನ್ನುವ ಹುಡುಗಿ, ಪ್ರಾಮ್ ಅನ್ನುವ ಡ್ಯಾನ್ಸ್ ಪಾರ್ಟಿಗೆ ಕ್ಯಾರಿಯನ್ನ ಕರಕೊಂಡು ಹೋಗು ಅಂತ ತನ್ನ ಹುಡುಗ ಟಾಮಿಗೆ ಹೇಳುತ್ತಾಳೆ. ಶಿಕ್ಷೆ ತಿಂದು ಸೇಡು ಇಟ್ಟುಕೊಂಡ ಕ್ರಿಸ್ ಅನ್ನುವವಳು ಹಂದಿ ರಕ್ತದ ಬಕೆಟ್ಟನ್ನ ವೇದಿಕೆಯ ಮೇಲೆ ಕಟ್ಟಿಸುತ್ತಾಳೆ. ಕ್ಯಾರಿ ಆ ರಾತ್ರಿಯ ರಾಣಿ ಆಗುತ್ತಾಳೆ, ಬಕೆಟ್ ಬೀಳುತ್ತದೆ, ಅವಳು ಹಾಲ್‌ನ ಬಾಗಿಲು ಮುಚ್ಚಿ ಒಳಗಿದ್ದವರನ್ನೆಲ್ಲ ಮುಗಿಸುತ್ತಾಳೆ. ಸತ್ತವರಲ್ಲಿ ವ್ಯಾಯಾಮದ ಟೀಚರ್ ಮಿಸ್ ಕಾಲಿನ್ಸ್ ಕೂಡ ಒಬ್ಬರು. ಇಡೀ ಶಾಲೆಯಲ್ಲಿ ಕ್ಯಾರಿ ಪರ ನಿಂತಿದ್ದ ಒಬ್ಬರೇ ದೊಡ್ಡವರು.

ಹೋದ ಬೇಸಿಗೆಯಲ್ಲಿ ಇದನ್ನ ಮೈಸೂರಿನ ನಮ್ಮ ಮನೆಯ ಹಾಲ್‌ನಲ್ಲಿ ಹಾಕಿದ್ದೆವು. ಗೆಳತಿಯ ಪ್ರೊಜೆಕ್ಟರ್, ಗೋಡೆಗೆ ಅಪ್ಪನ ಬಿಳಿ ಪಂಚೆ. ಪಕ್ಕದ ಮನೆಯ ಮೇಷ್ಟ್ರನ್ನ ನಾನು ಕರೆದಿರಲಿಲ್ಲ. ಹೆಡ್‌ಮಾಸ್ಟರ್ ಆಗಿ ರಿಟೈರ್ ಆದವರು. "ಸಿನಿಮಾ ಇದೆಯಂತಲ್ಲಮ್ಮಾ" ಅಂತ ಹೆಂಡತಿ ಸಮೇತ ಬಂದು ಮುಂದಿನ ಕುರ್ಚಿಯಲ್ಲೇ ಕೂತರು. ಈ ಸಿನಿಮಾದಲ್ಲಿ ಶುರುವಿನ ವಾಲಿಬಾಲ್ ಆಟ ಮುಗಿದ ಕೂಡಲೇ ಬರುವುದು ಹುಡುಗಿಯರ ಬಚ್ಚಲು, ಬಟ್ಟೆ ಇಲ್ಲದೆ, ಅದೂ ಸ್ಲೋ ಮೋಷನ್‌ನಲ್ಲಿ. ಆ ಸೀನ್ ಮುಗಿಯುವ ತನಕ ಮೇಷ್ಟ್ರು ನಮ್ಮ ಸೀಲಿಂಗ್ ಫ್ಯಾನನ್ನ ಪರೀಕ್ಷೆ ಮಾಡಿದರು. ಅವರ ಹೆಂಡತಿ ಕಣ್ಣು ಮಿಟುಕಿಸದೆ ನೋಡಿದರು. ನಮ್ಮಮ್ಮ ಕಾಫಿ ಇಡಲು ಎದ್ದು ಹೋದವರು ವಾಪಸ್ ಬರಲೇ ಇಲ್ಲ.

ಸಿನಿಮಾ ಮುಗಿಯಿತು. ಲೈಟ್ ಹಾಕಿದೆ. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಅಲ್ಲಮ್ಮಾ, ತಪ್ಪು ಮಾಡಿದವರಿಗೆ ಶಿಕ್ಷೆ ಆಯ್ತು, ಸರಿ. ಉಪಕಾರ ಮಾಡಿದವಳಿಗೂ ಅದೇ ಶಿಕ್ಷೆ ಅಂದ್ರೆ ಈ ಕಥೆಗೆ ನೀತಿ ಏನು?"

ನಾನು ಕೇಳಿದೆ: "ಪ್ರಿನ್ಸಿಪಾಲರೂ ಸತ್ತರಲ್ಲ ಮೇಷ್ಟ್ರೇ. ಅವರ ಬಗ್ಗೆ ಯಾಕೆ ಕೇಳಲಿಲ್ಲ?"

"ಅವರೇನು ಮಾಡಿದ್ರು? ಹೆಸರು ತಪ್ಪು ಹೇಳಿದ್ರು, ಅಷ್ಟೇ. ನೂರಾರು ಮಕ್ಕಳಿರ್ತಾರೆ, ಎಲ್ಲಾ ನೆನಪಿರುತ್ತಾ?"

"ನಿಮಗೆ ನಮ್ಮ ಸೊಸೆ ಹೆಸರೇ ಇನ್ನೂ ಬಾಯಿಗೆ ಬಂದಿಲ್ಲ" ಅಂದರು ಅವರ ಹೆಂಡತಿ. ಅಲ್ಲಿಗೆ ಚರ್ಚೆ ಬೇರೆ ಕಡೆ ಹೋಯಿತು. ನನ್ನ ಉತ್ತರ ನನ್ನ ಹತ್ತಿರವೇ ಉಳಿಯಿತು.

ಆ ಪ್ರಿನ್ಸಿಪಾಲರ ಸೀನನ್ನ ಇನ್ನೊಂದು ಸಲ ನೋಡಿ. ಬಚ್ಚಲಿನ ಗಲಾಟೆ ಆದಮೇಲೆ ಕ್ಯಾರಿಯನ್ನ ಆಫೀಸಿಗೆ ಕರೆಸುತ್ತಾರೆ. ಟೀಚರ್ ಚಡ್ಡಿಗೆ ಕ್ಯಾರಿಯ ರಕ್ತದ ಕಲೆ ಹತ್ತಿದೆ. ಪ್ರಿನ್ಸಿಪಾಲರಿಗೆ ಅದನ್ನ ನೋಡಲೂ ಆಗುವುದಿಲ್ಲ, ನೋಡದೆ ಇರಲೂ ಆಗುವುದಿಲ್ಲ. ಸಮಾಧಾನದ ಮಾತು ಹೇಳುತ್ತಾರೆ, ಆದರೆ "ಕ್ಯಾಸಿ" ಅನ್ನುತ್ತಾರೆ. ತಿದ್ದಿದರೂ ಮತ್ತೆ ಕ್ಯಾಸಿ. ಕೊನೆಗೆ ಹುಡುಗಿ "ಕ್ಯಾರಿ!" ಅಂತ ಕಿರುಚುತ್ತಾಳೆ, ಮೇಜಿನ ಮೇಲಿದ್ದ ಆಶ್‌ಟ್ರೇ ತಾನಾಗಿ ಹಾರಿ ನೆಲಕ್ಕೆ ಬೀಳುತ್ತದೆ. ಅವಳ ಶಕ್ತಿ ಮೊದಲು ಕೆಲಸ ಮಾಡುವ ಜಾಗಗಳಲ್ಲಿ ಇದೂ ಒಂದು. ಎದುರಿಗೆ ಕೂತಿರುವವರು ಕೆಟ್ಟವರೇನಲ್ಲ. ಕೆಲಸ ಬೇಗ ಮುಗಿದರೆ ಸಾಕು ಅನ್ನುವ ಮನುಷ್ಯ, ಅಷ್ಟೇ.

ಅದೇ ಆಫೀಸಿನಲ್ಲಿ, ಕ್ಯಾರಿ ಹೊರಗೆ ಇರುವಾಗ, ನಿಮ್ಮ ಒಳ್ಳೆ ಟೀಚರ್ ಏನು ಹೇಳುತ್ತಾರೆ ಗೊತ್ತಾ? ಆ ಹುಡುಗಿಯರಿಗೆ ಏನನಿಸಿತೋ ನನಗೂ ಅರ್ಥವಾಗುತ್ತದೆ, ಅವಳನ್ನ ಹಿಡಿದು ಅಲುಗಾಡಿಸಿಬಿಡಬೇಕು ಅಂತ ನನಗೂ ಅನಿಸಿತ್ತು ಅನ್ನುತ್ತಾರೆ. ಅದಕ್ಕೂ ಮುಂಚೆ ಬಚ್ಚಲಲ್ಲಿ ಕ್ಯಾರಿಯ ಕೆನ್ನೆಗೆ ಮೊದಲ ಏಟು ಬಿದ್ದಿದ್ದು ಇವರದ್ದೇ ಕೈಯಿಂದ. ನಾನು ಟೀಚರನ್ನ ಕೆಟ್ಟವರು ಅನ್ನುತ್ತಿಲ್ಲ. ಹುಡುಗಿಯರನ್ನ ಮೈದಾನದಲ್ಲಿ ಸುಸ್ತಾಗುವ ತನಕ ವ್ಯಾಯಾಮ ಮಾಡಿಸುತ್ತಾರೆ. ಎದುರು ಮಾತಾಡಿದ ಕ್ರಿಸ್‌ಗೂ ಒಂದು ಬಿಡುತ್ತಾರೆ. ಆದರೆ ಕ್ಯಾರಿಗೆ ಅವರು ಕೊಡುವ ಸಹಾಯ ಯಾವುದು? ಕನ್ನಡಿ ಮುಂದೆ ನಿಲ್ಲಿಸಿ, ನೋಡು ಎಷ್ಟು ಚೆನ್ನಾಗಿದ್ದೀಯ, ಸ್ವಲ್ಪ ಲಿಪ್‌ಸ್ಟಿಕ್ ಹಚ್ಚಿಕೋ, ಕೂದಲು ಗುಂಗುರು ಮಾಡಿಸು ಅನ್ನುತ್ತಾರೆ. ಅಂದರೆ, ಆ ಹುಡುಗಿಯರ ಥರ ಆಗು.

ಇದಕ್ಕಿಂತ ಮುಖ್ಯವಾದದ್ದು ಪ್ರಾಮ್ ರಾತ್ರಿಯದು, ಅದನ್ನ ಎಲ್ಲರೂ ಮರೆಯುತ್ತಾರೆ. ಸೂ ಕದ್ದು ಹಾಲ್‌ಗೆ ಬಂದಿರುತ್ತಾಳೆ. ಅಲುಗಾಡುವ ಹಗ್ಗ ಅವಳ ಕಣ್ಣಿಗೆ ಬೀಳುತ್ತದೆ. ಹಗ್ಗದ ಗುಂಟ ಕಣ್ಣು ಹಾಯಿಸಿ ಮೇಲಿರುವ ಬಕೆಟ್ ನೋಡುತ್ತಾಳೆ, ವೇದಿಕೆ ಕೆಳಗೆ ಅಡಗಿರುವ ಕ್ರಿಸ್‌ಳನ್ನೂ ಕಂಡುಹಿಡಿಯುತ್ತಾಳೆ. ಆ ಹಾಲ್‌ನಲ್ಲಿ ಅದನ್ನ ತಡೆಯಬಹುದಾಗಿದ್ದವಳು ಅವಳೊಬ್ಬಳೇ. ಟೀಚರ್ ಅವಳನ್ನ ನೋಡುತ್ತಾರೆ. ಈ ಹುಡುಗಿ ಏನೋ ಕಿತಾಪತಿ ಮಾಡಲು ಬಂದಿದ್ದಾಳೆ ಅಂದುಕೊಂಡು ತೋಳು ಹಿಡಿದು ಎಳೆದು ಬಾಗಿಲಾಚೆ ದಬ್ಬುತ್ತಾರೆ. ಕ್ಯಾರಿಯನ್ನ ಕಾಪಾಡಲಿಕ್ಕೇ ಹಾಗೆ ಮಾಡುತ್ತಾರೆ. ಬಕೆಟ್ ಬೀಳುತ್ತದೆ.

"ಹಾಗಾದ್ರೆ ಅವರಿಗೂ ತಕ್ಕ ಶಾಸ್ತಿ ಆಯ್ತು ಅಂತೀರಾ?" ಇಲ್ಲ. ಅದನ್ನೂ ಅನ್ನುತ್ತಿಲ್ಲ. ಕ್ಯಾರಿಗೆ ಇದ್ಯಾವುದೂ ಗೊತ್ತೇ ಇಲ್ಲ. ಅವಳು ಲೆಕ್ಕ ಹಾಕಿ ಒಬ್ಬೊಬ್ಬರನ್ನ ಆರಿಸುತ್ತಿಲ್ಲ.

ನೀವು ನಿಜವಾಗಿ ಕೇಳಬೇಕಾಗಿದ್ದ ಪ್ರಶ್ನೆ ಬೇರೆ ಇದೆ. ಒಬ್ಬರೂ ಕೇಳಿಲ್ಲ, ಅದಕ್ಕೆ ನಾನೇ ಕೇಳಿಕೊಳ್ಳುತ್ತೇನೆ. ರಕ್ತ ಬಿದ್ದಾಗ ಆ ಹಾಲ್‌ನಲ್ಲಿ ನಿಜವಾಗಿ ಎಷ್ಟು ಜನ ನಕ್ಕರು?

ಗಮನ ಇಟ್ಟು ನೋಡಿ. ಬಕೆಟ್ ಬಿದ್ದ ಮೇಲೆ ನಿರ್ದೇಶಕ ಬ್ರಯಾನ್ ಡಿ ಪಾಲ್ಮಾ ಸದ್ದನ್ನೆಲ್ಲ ತೆಗೆದುಬಿಡುತ್ತಾರೆ. ಖಾಲಿ ಬಕೆಟ್ ತೂಗಾಡುತ್ತದೆ. ಟಾಮಿ ಸಿಟ್ಟಿನಿಂದ ಏನೋ ಕೂಗುತ್ತಾನೆ, ಕೇಳುವುದಿಲ್ಲ. ಕೆಳಗೆ ನಿಂತವರ ಮುಖ ನೋಡಿ. ಹೆಚ್ಚಿನವರು ಬಾಯಿ ಬಿಟ್ಟು ನಿಂತಿದ್ದಾರೆ. ಕ್ರಿಸ್‌ಳ ಗೆಳತಿ, ಕೆಂಪು ಟೋಪಿಯ ನಾರ್ಮಾ ನಗುತ್ತಾಳೆ, ಪಕ್ಕದವರನ್ನ ನಗಿಸಲು ನೋಡುತ್ತಾಳೆ. ಆಮೇಲೆ ಕ್ಯಾರಿಯ ಕಣ್ಣಿಂದ ನೋಡುತ್ತೇವೆ. ಚಿತ್ರ ಚೂರುಚೂರಾಗಿ ತಿರುಗುತ್ತದೆ. ಈಗ ಎಲ್ಲರೂ ನಗುತ್ತಿದ್ದಾರೆ, ಟೀಚರ್ ಕೂಡ. ಕಿವಿಯಲ್ಲಿ ತಾಯಿಯ ಮಾತು, ಎಲ್ಲರೂ ನಿನ್ನ ನೋಡಿ ನಗುತ್ತಾರೆ ಅಂತ. ಬಚ್ಚಲಿನ ಕೂಗು. ನನ್ನನ್ನ ನಂಬು ಅಂದಿದ್ದ ಟೀಚರ್ ದನಿ. ಜೊತೆಗೆ ಪ್ರಿನ್ಸಿಪಾಲರ ದನಿ, ಅಲ್ಲೂ "ಕ್ಯಾಸಿ"! ಮೇಷ್ಟ್ರೇ, ಹೆಸರು ತಪ್ಪು ಹೇಳಿದ್ದು ಅಷ್ಟೇ ಅಂದಿರಲ್ಲ. ಅವಳಿಗೆ ಎಲ್ಲ ಮುಗಿಯುವ ಗಳಿಗೆಯಲ್ಲಿ ನೆನಪಾದ ನಾಲ್ಕು ಮಾತುಗಳಲ್ಲಿ ಅದೂ ಒಂದು.

ಅಂದರೆ ನಕ್ಕವರು ಬೆರಳೆಣಿಕೆಯಷ್ಟು. ವರ್ಷಗಟ್ಟಲೆ ಗೇಲಿ ಮಾಡಿಸಿಕೊಂಡವಳಿಗೆ ಆ ಹೊತ್ತಿನಲ್ಲಿ ನಗದೇ ಇರುವ ಮುಖ ಕಾಣಿಸುವುದಿಲ್ಲ. ಟೀಚರ್ ಸತ್ತಿದ್ದು ಅದಕ್ಕೆ. ಇಷ್ಟೇ ನನ್ನ ಉತ್ತರ.

ಈ ಕಥೆ ಬರೆದ ಸ್ಟೀಫನ್ ಕಿಂಗ್ ಜೊತೆಯಲ್ಲಿ ಓದಿದ ಇಬ್ಬರು ಹುಡುಗಿಯರನ್ನ ಮನಸ್ಸಿನಲ್ಲಿ ಇಟ್ಟುಕೊಂಡು ಕ್ಯಾರಿಯನ್ನ ಕಟ್ಟಿದರು. ಅವರಲ್ಲಿ ಒಬ್ಬಳು ದಿನಾ ಒಂದೇ ಬಟ್ಟೆ ಹಾಕಿಕೊಂಡು ಬರುತ್ತಿದ್ದಳಂತೆ. ಒಂದು ಸಲ ಕ್ರಿಸ್ಮಸ್ ರಜೆ ಮುಗಿಸಿ ಹೊಸ ಬಟ್ಟೆ ತೊಟ್ಟು, ಕೂದಲು ಗುಂಗುರು ಮಾಡಿಸಿಕೊಂಡು ಬಂದಳು. ಗೇಲಿ ನಿಲ್ಲಲಿಲ್ಲ, ಇನ್ನೂ ಜಾಸ್ತಿ ಆಯಿತು. ಕನ್ನಡಿ ಮುಂದಿನ ಆ ಲಿಪ್‌ಸ್ಟಿಕ್ ಸೀನ್ ನೋಡುವಾಗಲೆಲ್ಲ ನನಗೆ ಈ ಹುಡುಗಿ ನೆನಪಾಗುತ್ತಾಳೆ.

ಇಷ್ಟು ಹೊತ್ತು ಓದಿದ್ದೀರಿ, ದುಡ್ಡಿನ ಮಾತನ್ನೂ ಕೇಳಿ. ಅದನ್ನಂತೂ ಯಾರೂ ಕೇಳುವುದಿಲ್ಲ. 1974ರ ಕಾದಂಬರಿಯಲ್ಲಿ ಕ್ಯಾರಿ ಶಾಲೆಯಿಂದ ಹೊರಗೆ ಬಂದು ಇಡೀ ಊರನ್ನೇ ಸುಡುತ್ತಾಳೆ. ಪೆಟ್ರೋಲ್ ಬಂಕು ಸಿಡಿಯುತ್ತದೆ, ಕರೆಂಟ್ ತಂತಿ ಬೀದಿಗೆ ಬೀಳುತ್ತದೆ, ನೂರಾರು ಜನ ಸಾಯುತ್ತಾರೆ. ಆದರೆ ಅಲ್ಲಿ ವ್ಯಾಯಾಮದ ಟೀಚರ್ ಸಾಯುವುದಿಲ್ಲ. ಬದುಕಿ ಉಳಿದು ಕೆಲಸ ಬಿಡುತ್ತಾರೆ. ಸಿನಿಮಾದ ಬಜೆಟ್ ಸುಮಾರು 18 ಲಕ್ಷ ಡಾಲರ್. ಆ ಕಾಲದ ಹಾಲಿವುಡ್‌ಗೆ ಅದು ಸಣ್ಣ ದುಡ್ಡು. ಊರು ಸುಡಲು ಎಲ್ಲಿಂದ ತರುತ್ತಾರೆ? ಕೊನೆಗೆ ಕ್ಯಾರಿಯ ಮನೆ ಮೇಲೆ ಕಲ್ಲಿನ ಮಳೆ ಸುರಿಸಬೇಕು ಅಂತಿತ್ತು. ಕಲ್ಲು ಸುರಿಸುವ ಯಂತ್ರ ಕೈಕೊಟ್ಟಿತು. ಮನೆಯ ಮಾದರಿಗೆ ಬೆಂಕಿ ಹಚ್ಚಿ ಕುಸಿಸಿಬಿಟ್ಟರು. ಹಂದಿ ರಕ್ತ ಅಂದರೆ ಜೋಳದ ಸಿರಪ್ಪಿಗೆ ಬಣ್ಣ. ಬಿಸಿ ದೀಪಗಳ ಕೆಳಗೆ ಅದು ಮೈಗೆ ಅಂಟಿಕೊಂಡು ಒಣಗುತ್ತಿತ್ತು. ಮಾರನೇ ದಿನದ ಶಾಟಿಗೆ ಕಲೆ ಹಾಗೇ ಇರಲಿ ಅಂತ ಕ್ಯಾರಿಯಾಗಿದ್ದ ಸಿಸ್ಸಿ ಸ್ಪೇಸೆಕ್ ಆ ಬಟ್ಟೆಯಲ್ಲೇ ಮಲಗಿ ಎದ್ದರು. ಆ ಪಾತ್ರಕ್ಕಾಗಿ ತಲೆಗೆ ವ್ಯಾಸಲೀನ್ ಮೆತ್ತಿಕೊಂಡು, ಚಿಕ್ಕಂದಿನಲ್ಲಿ ಅಮ್ಮ ಹೊಲಿದುಕೊಟ್ಟ ಬಟ್ಟೆ ಹಾಕಿಕೊಂಡು ನಟನೆಯ ಪರೀಕ್ಷೆಗೆ ಹೋಗಿದ್ದವರು ಅವರು. ಕೊನೆಯಲ್ಲಿ ಸಮಾಧಿಯಿಂದ ಹೊರಗೆ ಬರುತ್ತದಲ್ಲ ಒಂದು ಕೈ, ಅದೂ ಅವರದ್ದೇ. ಬೇರೆಯವರ ಕೈ ಬೇಡ ಅಂತ ಹಟ ಹಿಡಿದು ಮಣ್ಣಿನೊಳಗೆ ಹೂಳಿಸಿಕೊಂಡರು. ಅವರಿಗೂ ತಾಯಿಯ ಪಾತ್ರ ಮಾಡಿದ ಪೈಪರ್ ಲಾರಿಗೂ ಆಸ್ಕರ್ ನಾಮಿನೇಷನ್ ಸಿಕ್ಕಿತು. ಹಾರರ್ ಅಂದರೆ ಮೂಗು ಮುರಿಯುವ ಜಾಗದಲ್ಲಿ!

ದುಡ್ಡಿಲ್ಲದ್ದರಿಂದ ಬೆಂಕಿ ಒಂದೇ ಹಾಲ್‌ನಲ್ಲಿ ಉಳಿಯಿತು. ನಾವು ಆ ಹಾಲ್‌ನಲ್ಲಿ ಅವಳ ಜೊತೆ ಕುಣಿದಿದ್ದೇವೆ. ಕ್ಯಾರಿ ಮತ್ತು ಟಾಮಿ ತಿರುಗುವ ಹಲಗೆ ಮೇಲೆ ಒಂದು ಕಡೆ, ಕ್ಯಾಮೆರಾ ಇನ್ನೊಂದು ಕಡೆ, ನಮಗೂ ತಲೆ ತಿರುಗುವ ತನಕ. ಕಾದಂಬರಿಯ ನೂರಾರು ಸಾವು ನಿಮಗೆ ಸುದ್ದಿಯ ಹಾಗೆ ಕೇಳಿಸುತ್ತದೆ. ಇಲ್ಲಿ ಬಾಸ್ಕೆಟ್‌ಬಾಲ್ ಬೋರ್ಡು ಮೇಲಿಂದ ಬಂದು ಒಬ್ಬ ಟೀಚರ್‌ಗೆ ಬಡಿಯುತ್ತದೆ, ನೀವು ಅದನ್ನ ಮನೆಗೆ ಹೊತ್ತುಕೊಂಡು ಹೋಗುತ್ತೀರಿ. ಆಮೇಲೆ ನನಗೆ ಮೆಸೇಜ್ ಮಾಡುತ್ತೀರಿ.

ಟೀಚರ್ ಸಾಯಬಾರದಿತ್ತು ಅನ್ನುವವರಿಗೆ ಬೇರೆ ದಾರಿ ಇದೆ. 2013ರಲ್ಲಿ ಇದೇ ಕಥೆಯನ್ನ ಮತ್ತೆ ತೆಗೆದರು. ಸುಮಾರು 3 ಕೋಟಿ ಡಾಲರ್ ಸುರಿದರು. ಕಂಪ್ಯೂಟರಿನಲ್ಲಿ ಬೇಕಾದಷ್ಟು ಒಡೆದು ಹಾಕಿದರು. ಅದರಲ್ಲಿ ಕ್ಯಾರಿ ಅಷ್ಟೆಲ್ಲ ರಂಪದ ನಡುವೆಯೂ ಟೀಚರನ್ನ ಗುರುತು ಹಿಡಿದು, ತನ್ನ ಶಕ್ತಿಯಿಂದಲೇ ಎತ್ತಿ ಕಾಪಾಡುತ್ತಾಳೆ. ಮೇಷ್ಟ್ರಿಗೂ ಅದನ್ನೇ ನೋಡಿ ಅಂದಿದ್ದೇನೆ. ಇವತ್ತಿನ ತನಕ ಆ ಸಿನಿಮಾ ಬಗ್ಗೆ ನನ್ನನ್ನ ಯಾರೂ ಒಂದೇ ಒಂದು ಪ್ರಶ್ನೆ ಕೇಳಿಲ್ಲ.