“ಸುಂಟರಗಾಳಿ ನೋಡಿದ್ಯಾ?” ಇಲ್ಲ, ನೋಡಿಲ್ಲ

ಊರಿಗೆ ಹೋದಾಗಲೆಲ್ಲ ಒಂದೇ ಪ್ರಶ್ನೆ. “ನೀವಿರೋ ಕಡೆ ಸುಂಟರಗಾಳಿ ಬರುತ್ತಂತಲ್ಲ, ನೋಡಿದ್ಯಾ?” ಜೋಗ ನೋಡಿದ್ಯಾ, ಹಂಪಿ ನೋಡಿದ್ಯಾ ಅಂತ ಕೇಳುವ ಹಾಗೆ.

ನಾನಿರುವುದು ಅಮೆರಿಕದ ಅಯೋವಾ ರಾಜ್ಯದ ಸೀಡರ್ ರ‍್ಯಾಪಿಡ್ಸ್ ಎಂಬ ಊರಲ್ಲಿ. ಬಂದು ಹತ್ತು ವರ್ಷದ ಮೇಲಾಯಿತು. ಉತ್ತರ: ಇಲ್ಲ, ಒಂದು ಸಲವೂ ನೋಡಿಲ್ಲ. ಮೋಡದಿಂದ ಆನೆ ಸೊಂಡಿಲಿನ ಹಾಗೆ ಇಳಿದು ಲಾರಿಯನ್ನು ಎತ್ತಿ ಬಿಸಾಕುವುದನ್ನು ನಾನೂ ನಿಮ್ಮ ಹಾಗೆ ಟಿವಿಯಲ್ಲೇ ನೋಡಿದ್ದು.

ಇಷ್ಟು ಹೇಳಿದರೆ ಕೇಳಿದವರ ಮುಖ ಬಾಡುತ್ತದೆ. ಪಾಪ ಅಂತ, “ಆದರೆ 2020ರಲ್ಲಿ ಡೆರೇಚೊ ಬಂದಿತ್ತು” ಅಂತ ಶುರು ಮಾಡುತ್ತೇನೆ. “ಅದೇನು, ತಿಂಡಿನಾ?” ಅಂತಾರೆ.

ಕಳೆದ ಸಲ ದಾವಣಗೆರೆಯಲ್ಲಿ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಮನೆಯ ಯಜಮಾನರು ಬಂದು ಅದೇ ಪ್ರಶ್ನೆ ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಉತ್ತರವನ್ನೂ ಕೊಟ್ಟರು. ಹೊಸ ಗೋಡೆಗೆ ಎರಡು ಗುದ್ದು ಗುದ್ದಿ, “ನೋಡಮ್ಮಾ, ಒಂಬತ್ತಿಂಚಿನ ಗೋಡೆ. ಅಲ್ಲಿ ಮನೆಯೆಲ್ಲ ಮರದ್ದಂತೆ. ಅದಕ್ಕೇ ಹಾರಿಹೋಗೋದು. ಅಷ್ಟು ಓದಿದ ಜನ, ಇಟ್ಟಿಗೆಯಲ್ಲಿ ಕಟ್ಟಬಾರದಾ?” ಅಂದರು. ಪಕ್ಕದವರೆಲ್ಲ ತಲೆಯಾಡಿಸಿದರು. ನನ್ನ ಬಾಯಲ್ಲಿ ಹೋಳಿಗೆ ಇತ್ತು, ಸುಮ್ಮನಿದ್ದೆ.

ಈಗ ಬಾಯಿ ಖಾಲಿ ಇದೆ. ಕೇಳಿ.

ಆ ಡೆರೇಚೊ ಗಾಳಿಗೆ ನನ್ನ ಮರದ ಮನೆ ಹಾರಿಹೋಗಲಿಲ್ಲ. ಹೆಂಚಿನ ಬದಲು ಇಲ್ಲಿ ಹಾಕುವ ಹೊದಿಕೆ ಅರ್ಧ ಕಿತ್ತುಹೋಯಿತು, ಬೇಲಿ ಹೋಯಿತು, ಗೋಡೆಗಳು ನಿಂತವು. ನೆಲದಡಿಯ ಕೋಣೆ ಅಂತೂ ಕಾಂಕ್ರೀಟಿನದೇ. ನಮ್ಮೂರಲ್ಲಿ ಮುಂಗಾರಿಗೆ ಮುಂಚಿನ ಮಳೆಗೆ ಶೀಟು ಹಾರಲ್ವಾ? ಬಾಳೆ, ಅಡಿಕೆ ತೋಟ ಒಂದೇ ಸಂಜೆಗೆ ಮಲಗಲ್ವಾ? ಆಗ ಯಾರೂ ಗೋಡೆ ಗುದ್ದಿ ತೋರಿಸುವುದಿಲ್ಲ.

ಇನ್ನು ಡೆರೇಚೊ. ಸ್ಪ್ಯಾನಿಷ್‌ನಲ್ಲಿ ಅದಕ್ಕೆ ‘ನೇರ’ ಅಂತ ಅರ್ಥ. ಸುಂಟರಗಾಳಿ ಸುತ್ತುತ್ತದೆ, ಇದು ನೇರ ನುಗ್ಗುತ್ತದೆ. ಈ ಹೆಸರು ಇಟ್ಟವರು ಗಸ್ಟಾವಸ್ ಹಿನ್ರಿಕ್ಸ್. ನಮಗೆ ಅರ್ಧ ಗಂಟೆ ದೂರದ ಅಯೋವಾ ಸಿಟಿಯಲ್ಲಿ ಮೇಷ್ಟ್ರಾಗಿದ್ದವರು. 1888ರಲ್ಲೇ ಬರೆದಿದ್ದಾರೆ. ಸಿಕ್ಕ ಗಾಳಿಯನ್ನೆಲ್ಲ ಜನ ಸುಂಟರಗಾಳಿ ಅನ್ನುವುದು ಕೇಳಿ ಕೇಳಿ ಅವರಿಗೂ ಸಾಕಾಗಿತ್ತು ಅಂತ ಕಾಣುತ್ತದೆ. ನನಗೆ ಅವರ ಮೇಲೆ ತುಂಬಾ ಪ್ರೀತಿ.

ಅದು ಆಗುವುದು ಹೀಗೆ. ಗುಡುಗು ಮಳೆಯ ಜೊತೆ ತಣ್ಣನೆ ಗಾಳಿ ಮೇಲಿಂದ ದೊಪ್ಪನೆ ಬಿದ್ದು, ನೆಲಕ್ಕೆ ಬಡಿದು ಮುಂದಕ್ಕೆ ನುಗ್ಗುತ್ತದೆ. ಮುಂದೆ ಇರುವ ಬಿಸಿ, ತೇವದ ಗಾಳಿಯನ್ನು ಮೇಲಕ್ಕೆ ಎತ್ತುತ್ತದೆ. ಅದರಿಂದ ಹೊಸ ಮೋಡ, ಹೊಸ ಮಳೆ, ಮತ್ತೆ ತಣ್ಣನೆ ಗಾಳಿ. ದಾರಿಯಲ್ಲೇ ಊಟ ಹುಡುಕಿಕೊಂಡು ಓಡುವ ಪ್ರಾಣಿಯ ಹಾಗೆ. ಆಗಸ್ಟ್ ತಿಂಗಳಲ್ಲಿ ಅಯೋವಾದಲ್ಲಿ ಅದರ ಊಟಕ್ಕೆ ಬರವಿಲ್ಲ. ಮೆಕ್ಕೆಜೋಳದ ಹೊಲಗಳೇ ಬೆವರಿ ಗಾಳಿ ಅಂಟಂಟಾಗಿರುತ್ತದೆ. 2020ರ ಆಗಸ್ಟ್ 10ರಂದು ಅದು ಸೌತ್ ಡಕೋಟಾ ಕಡೆಯಿಂದ ಹೊರಟು ಒಹಾಯೊವರೆಗೆ 14 ಗಂಟೆ ಓಡಿತು. ಸುಮಾರು 1,240 ಕಿಲೋಮೀಟರ್. ರಸ್ತೆಯಲ್ಲಿ ಬೆಂಗಳೂರಿಂದ ಹೆಚ್ಚುಕಮ್ಮಿ ಸೂರತ್‌ನಷ್ಟು ದೂರ.

ಅವತ್ತು ಸೋಮವಾರ. ಕೊರೊನಾ ಕಾಲ, ಎಲ್ಲರೂ ಮನೆಯಲ್ಲೇ. ಮಧ್ಯಾಹ್ನ ಹನ್ನೆರಡೂವರೆಗೆ ಪಶ್ಚಿಮದ ಆಕಾಶ ಕಪ್ಪಗಾಯಿತು. ಕುಕ್ಕರ್ ಎರಡನೇ ಸೀಟಿ ಹಾಕಿತ್ತು. ಸುಂಟರಗಾಳಿ ಬರುತ್ತದೆ ಅಂದರೆ ಇಲ್ಲಿ ಮೊಬೈಲ್ ಕಿರುಚುತ್ತದೆ. ಅವತ್ತು ಕಿರುಚಲಿಲ್ಲ. ಆಗಿನ ನಿಯಮದಲ್ಲಿ ನೇರ ಗಾಳಿಗೆ ಆ ಮರ್ಯಾದೆ ಇರಲಿಲ್ಲ. ಗಂಟೆಗೆ ಸುಮಾರು 130 ಕಿಲೋಮೀಟರ್ ದಾಟುವ ಗಾಳಿಗೂ ಫೋನ್ ಕಿರುಚಬೇಕು ಅಂತ ಆದದ್ದು ಮುಂದಿನ ವರ್ಷ, 2021ರಲ್ಲಿ.

ಮಗಳನ್ನು ಎಳೆದುಕೊಂಡು ಕೆಳಗಿನ ಕೋಣೆಗೆ ಓಡಿದೆ. ರೈಲು ಬಂದ ಹಾಗೆ ಶಬ್ದ ಅಂತ ಎಲ್ಲರೂ ಹೇಳುತ್ತಾರೆ. ರೈಲು ಒಂದು ನಿಮಿಷದಲ್ಲಿ ಹೋಗುತ್ತದೆ. ಇದು ಹೋಗಲೇ ಇಲ್ಲ. ಮುಕ್ಕಾಲು ಗಂಟೆ. ವಾಷಿಂಗ್ ಮಷೀನಿನ ಪಕ್ಕ ಕೂತು ನಾನು ರಾಯರನ್ನು ನೆನೆಯುತ್ತಿದ್ದೆ, ಮಗಳು “ಅಮ್ಮಾ, ಒಲೆ ಆರಿಸಿದ್ಯಾ?” ಅಂತ ಕೇಳುತ್ತಿದ್ದಳು. ಆರಿಸಿರಲಿಲ್ಲ. ಕರೆಂಟ್ ಹೋಗಿ ಅದೇ ಆರಿತ್ತು.

ಪಕ್ಕದ ಅಟ್ಕಿನ್ಸ್‌ನಲ್ಲಿ ಗಾಳಿ ಗಂಟೆಗೆ 203 ಕಿಲೋಮೀಟರ್ ಅಂತ ಅಳತೆಗೆ ಸಿಕ್ಕಿತು. ನಮ್ಮೂರಲ್ಲಿ 225ರವರೆಗೆ ಹೋಗಿತ್ತು ಅಂತ ಬಿದ್ದ ಕಟ್ಟಡ ನೋಡಿ ಅಂದಾಜು ಮಾಡಿದರು. ನಾನಂತೂ ಏನೂ ನೋಡಲಿಲ್ಲ. ನೋಡಿದ್ದು ಮಷೀನಿನ ಮೇಲಿದ್ದ ಸೋಪಿನ ಡಬ್ಬ.

ಹಾಗಾಗಿ “ನೋಡಿದ್ಯಾ” ಅಂತ ಕೇಳಬೇಡಿ. “ಆಮೇಲೆ ಏನಾಯ್ತು” ಅಂತ ಕೇಳಿ. ಅದನ್ನು ಯಾರೂ ಕೇಳಲ್ಲ.

ಮೇಲೆ ಬಂದರೆ ಮನೆಯಲ್ಲಿ ಬೆಳಕು ಜಾಸ್ತಿ. ಅದೇ ಮೊದಲು ವಿಚಿತ್ರ ಅನಿಸಿದ್ದು. ಹಿತ್ತಿಲಿನ ಮೇಪಲ್ ಮರ ಬುಡಸಮೇತ ಮಲಗಿತ್ತು. ಊರಿನ ಮರದ ನೆರಳಿನಲ್ಲಿ ಅರ್ಧಕ್ಕಿಂತ ಜಾಸ್ತಿ ಆ ಮುಕ್ಕಾಲು ಗಂಟೆಯಲ್ಲಿ ಹೋಯಿತು. ನಮ್ಮ ಬೀದಿಗೆ ಹನ್ನೊಂದು ದಿನ ಕರೆಂಟ್ ಇಲ್ಲ. ಫೋನ್ ಇಲ್ಲ. ಕರೆಂಟ್ ಇಲ್ಲದ ಬಂಕ್‌ನಲ್ಲಿ ಪೆಟ್ರೋಲ್ ಮೇಲೆತ್ತಲು ಆಗುವುದಿಲ್ಲ ಅಂತ ನನಗೆ ಅವತ್ತೇ ಹೊಳೆದದ್ದು. ಎರಡನೇ ದಿನ ಬೀದಿಯವರೆಲ್ಲ ಫ್ರೀಜರ್ ಖಾಲಿ ಮಾಡಿ ಹೊರಗೆ ಕೆಂಡದ ಮೇಲೆ ಮಾಂಸ ಸುಟ್ಟರು. ನಾನು ಕರಗಿದ ತೆಂಗಿನ ತುರಿಯನ್ನೆಲ್ಲ ಅದೇ ಕೆಂಡದ ಮೇಲೆ ಪಾತ್ರೆಯಿಟ್ಟು ಪಾಯಸ ಮಾಡಿದೆ. ಮಾತೇ ಆಡದಿದ್ದ ಎದುರು ಮನೆಯಾತ ಮೂರು ಲೋಟ ಕುಡಿದು, ಮರುದಿನ ಗರಗಸ ತಂದು ನಮ್ಮ ಮರ ಕತ್ತರಿಸಿಕೊಟ್ಟ. ಊರಿನ ಇನ್ನೊಂದು ಕಡೆ ಅಪಾರ್ಟ್‌ಮೆಂಟ್ ಚಾವಣಿ ಹೋದವರು, ಬೇರೆ ದೇಶಗಳಿಂದ ನಿರಾಶ್ರಿತರಾಗಿ ಬಂದವರು, ಹುಲ್ಲಿನ ಮೇಲೆ ಟೆಂಟ್ ಹಾಕಿ ಮಲಗಿದ್ದರು. ನನ್ನ ಪಾಯಸದ ಕಥೆ ಹೇಳುವಾಗ ಅವರನ್ನು ನಾನು ಬಿಟ್ಟುಬಿಡುತ್ತೇನೆ. ಅದು ತಪ್ಪು.

ಸರಿಯಾದ ಪ್ರಶ್ನೆ ಕೇಳಿದ್ದು ಒಬ್ಬರೇ, ಜಗಳೂರಿನ ನಮ್ಮ ಚಿಕ್ಕಪ್ಪ. ಆರನೇ ದಿನ ಹೇಗೋ ಫೋನ್ ಸಿಕ್ಕಿತು. “ಎಲ್ಲ ಆರಾಮ ಇದೀರಲ್ಲ?” ಅಂದವರೇ, “ಮೆಕ್ಕೆಜೋಳ ಏನಾಯ್ತು?” ಅಂದರು. ನನಗೆ ಗೊತ್ತಿರಲಿಲ್ಲ. ಜೋಳದ ನಾಡಿನಲ್ಲೇ ಇದ್ದುಕೊಂಡು ಯೋಚಿಸಿಯೂ ಇರಲಿಲ್ಲ.

ಭಾನುವಾರ ಊರಾಚೆ ಹೋದೆವು. ತೆನೆ ಕಟ್ಟಿ ಕಾಳು ಗಟ್ಟಿಯಾಗುವ ಹೊತ್ತು. ಕಣ್ಣು ಹಾಯುವಷ್ಟು ದೂರ ಜೋಳವೆಲ್ಲ ಪೂರ್ವಕ್ಕೆ ತಲೆ ಹಾಕಿ ಮಲಗಿತ್ತು. ಕಾಳು ತುಂಬಿಡುವ ಉಕ್ಕಿನ ಕಣಜಗಳು ಕಾಲಲ್ಲಿ ಮೆಟ್ಟಿದ ಡಬ್ಬದ ಹಾಗೆ ನಜ್ಜುಗುಜ್ಜಾಗಿದ್ದವು. ಕಾರಿನ ಕಿಟಕಿಯಿಂದಲೇ ಫೋಟೊ ತೆಗೆದು ಚಿಕ್ಕಪ್ಪನಿಗೆ ಕಳಿಸಿದೆ.

ಸಂಜೆ ಫೋನ್ ಬಂತು. “ದಂಟು ಮುರಿದಿದೆಯೋ, ಬರೀ ಬಗ್ಗಿದೆಯೋ?”

“ಗೊತ್ತಿಲ್ಲ ಚಿಕ್ಕಪ್ಪ, ಕಾರಿಂದ ಇಳಿಯಲಿಲ್ಲ.”

“ಅಷ್ಟು ದೂರ ಹೋಗಿ ಮತ್ತೇನು ನೋಡಿದೆ?” ಅಂದರು.