ಬುಡ ಮುಂದೆ, ತುದಿ ಹಿಂದೆ

ಹೊಳಲ್ಕೆರೆ ತಾಲ್ಲೂಕಿನ ನಮ್ಮ ಎರಡೂವರೆ ಎಕರೆ ಅಡಿಕೆ ತೋಟದ ಪಡುವಣ ಬದುವಿನಲ್ಲಿ ಅಪ್ಪ ನೆಟ್ಟ ಸಿಲ್ವರ್ ಓಕ್ ಮರಗಳು ಸಾಲಾಗಿ ನಿಂತಿವೆ. ಇಳಿಹೊತ್ತಿನ ಬಿಸಿಲು ನೇರವಾಗಿ ಬಿದ್ದರೆ ಅಡಿಕೆಯ ಕಾಂಡ ನೈಋತ್ಯದ ಮಗ್ಗುಲಲ್ಲಿ ಸುಟ್ಟು, ಕ್ರಮೇಣ ಅಲ್ಲಿಯೇ ಸೀಳು ಬಿಡುತ್ತದೆ. ಅದಕ್ಕೆ ಮರೆಯಾಗಲೆಂದು ನೆಟ್ಟ ಮರಗಳವು. ಹೋದ ಮೇ ತಿಂಗಳ ಒಂದು ಸಂಜೆಯ ಗಾಳಿಮಳೆಗೆ ಅವುಗಳಲ್ಲಿ ನಾಲ್ಕು ಮರಗಳು ನಡುವಿಗೆ ಮುರಿದು ತೋಟದೊಳಕ್ಕೇ ಬಿದ್ದವು. ಬೇಲಿಯ ಗೊಬ್ಬರದ ಗಿಡಗಳು (ಗ್ಲಿರಿಸಿಡಿಯಾ) ಒರಗಿದವು, ಎರಡು ಹೊಂಗೆ ಮರಗಳ ದೊಡ್ಡ ಕೊಂಬೆಗಳು ಸೀಳಿ ತೂಗಾಡುತ್ತಿದ್ದವು. ಸಿಲ್ವರ್ ಓಕ್ ಮತ್ತು ಗೊಬ್ಬರದ ಗಿಡಗಳನ್ನು ಕಡಿಯಲು 1976ರ ಮರಗಳ ಸಂರಕ್ಷಣಾ ಕಾಯ್ದೆಯಲ್ಲಿ ವಿನಾಯಿತಿ ಇರುವುದರಿಂದ ಆ ಬಗ್ಗೆ ಚಿಂತೆ ಇರಲಿಲ್ಲ. ಹೊಂಗೆಯ ಬುಡಕ್ಕೆ ನಾವು ಕೈ ಹಚ್ಚಲಿಲ್ಲ, ಮುರಿದ ಕೊಂಬೆಗಳನ್ನಷ್ಟೇ ಇಳಿಸಿದೆವು.

ಹಿಂದಿನ ವರ್ಷಗಳಲ್ಲಿ ಇಂಥ ಸೊಪ್ಪುಸದೆಯನ್ನು ಬದುವಿನ ಮೇಲೆ ಒಟ್ಟಿ ಸುಡುತ್ತಿದ್ದೆವು. ಒಮ್ಮೆ ಆ ಉರಿಯ ಝಳಕ್ಕೆ ಅಂಚಿನ ಆರು ಅಡಿಕೆ ಮರಗಳ ಸೋಗೆ ಕಂದಿ, ಎರಡು ಮರಗಳು ಮತ್ತೆ ಚೇತರಿಸಿಕೊಳ್ಳಲೇ ಇಲ್ಲ. ಸುಡುವುದು ಬೇಡವೆಂದರೆ ಹೊರಗೆ ಸಾಗಿಸಬೇಕು. ಸಾಗಿಸಲು ಟ್ರ್ಯಾಕ್ಟರ್ ಒಳಗೆ ಬರಬೇಕು. ಒಂಬತ್ತು ಅಡಿ ಅಂತರದ ಸಾಲುಗಳ ನಡುವೆ ಬಸಿಗಾಲುವೆಯೂ ಡ್ರಿಪ್ ಪೈಪುಗಳೂ ಇರುವ ತೋಟದಲ್ಲಿ ಟ್ರಾಲಿಯನ್ನು ತಿರುಗಿಸಲು ಜಾಗವಿಲ್ಲ. ಹೀಗಾಗಿ ದಾವಣಗೆರೆಯಲ್ಲಿ ದಿನದ ಬಾಡಿಗೆಗೆ ಸಿಗುವ, ರಬ್ಬರ್ ಚೈನಿನ ಮೇಲೆ ತೆವಳುತ್ತ ಕೊಂಬೆಗಳನ್ನು ಚೂರು ಮಾಡುವ ಸಣ್ಣ ಚಿಪ್ಪರ್ ಯಂತ್ರವನ್ನು ತರಿಸಿದೆ.

ಬೆಳಗ್ಗೆ ಏಳೂವರೆಗೆ ಪಿಕಪ್ ವಾಹನದಿಂದ ಹಲಗೆಯ ಮೇಲೆ ಇಳಿದ ಯಂತ್ರ ನಾನು ಅಂದುಕೊಂಡದ್ದಕ್ಕಿಂತ ಚಿಕ್ಕದಾಗಿತ್ತು. ಪೆಟ್ರೋಲ್ ಎಂಜಿನ್, ಸುಮಾರು 900 ಕಿಲೋ ತೂಕ, ಆರು ಇಂಚು ದಪ್ಪದ ಕೊಂಬೆಯವರೆಗೆ ನುಂಗುವ ಬಾಯಿ. ಅಗಲ ಮೂರು ಅಡಿಗಿಂತ ಕಡಿಮೆ ಇದ್ದುದರಿಂದ ತೋಟದ ಚಿಕ್ಕ ಗೇಟನ್ನೂ ಸರಾಗವಾಗಿ ದಾಟಿತು. ಇಷ್ಟು ಭಾರ ಮೆತ್ತನೆಯ ನೆಲದಲ್ಲಿ ಹೂತುಹೋಗದೇ ಎಂದು ನನಗೆ ಅನುಮಾನವಿತ್ತು. ಟೇಪು ಹಿಡಿದು ಅಳೆದರೆ ಎರಡು ಚೈನುಗಳೂ ತಲಾ 20 ಸೆಂಟಿಮೀಟರ್ ಅಗಲ, ಒಂದು ಮೀಟರ್ ಉದ್ದ ನೆಲಕ್ಕೆ ತಾಗುತ್ತಿದ್ದವು. ಹಾಗೆಂದರೆ ಚದರ ಸೆಂಟಿಮೀಟರಿಗೆ ಕಾಲು ಕಿಲೋ ಕೂಡ ಬೀಳುವುದಿಲ್ಲ. ಒಂಟಿ ಕಾಲಿನ ಮೇಲೆ ನಿಂತ ಮನುಷ್ಯನ ಒತ್ತಡ ಅದಕ್ಕಿಂತ ಹೆಚ್ಚು. ಲೆಕ್ಕವೇನೋ ಸರಿಯಾಗಿತ್ತು, ಆದರೆ ಅದು ನೇರಕ್ಕೆ ಸಾಗುವಾಗಿನ ಲೆಕ್ಕ. ಚೈನಿನ ಗಾಡಿ ತಿರುಗುವುದು ಒಂದು ಬದಿಯನ್ನು ನಿಲ್ಲಿಸಿ ಇನ್ನೊಂದನ್ನು ಓಡಿಸುವುದರಿಂದ. ನಿಂತ ಬದಿ ನೆಲವನ್ನು ಉಜ್ಜುತ್ತದೆ. ಮೊದಲ ತಿರುವಿನಲ್ಲಿಯೇ ಡ್ರಿಪ್ಪಿನ ಲ್ಯಾಟರಲ್ ಪೈಪನ್ನು ಅದು ಸುರುಳಿ ಸುತ್ತಿ ಎಳೆದು ತುಂಡರಿಸಿತು. ಪೈಪುಗಳನ್ನು ಮೊದಲೇ ಮರದ ಬುಡಕ್ಕೆ ಸರಿಸಿಡಬೇಕು ಎಂಬುದು ಆಗ ಹೊಳೆಯಿತು. ಸಂಜೆಯ ಹೊತ್ತಿಗೆ ಹನ್ನೊಂದು ಜಾಯ್ನರ್‌ಗಳು ಬೇಕಾದವು.

ನನ್ನ ಎರಡನೆಯ ತಪ್ಪು ಇದಕ್ಕಿಂತ ದುಬಾರಿಯಾದದ್ದು. ಯಂತ್ರ ಬರುವ ಮೊದಲೇ ಕೆಲಸ ಮುಗಿಸಿಡಬೇಕೆಂಬ ಉತ್ಸಾಹದಲ್ಲಿ ಹಿಂದಿನ ದಿನ ನಾನೇ ಇಬ್ಬರನ್ನು ಕರೆದುಕೊಂಡು ಕೊಂಬೆಗಳನ್ನೆಲ್ಲ ಎಳೆದು ತಂದು ಗೇಟಿನ ಬಳಿ ರಾಶಿ ಹಾಕಿಸಿದ್ದೆ. ನಮ್ಮದು ಗರಸು ಬೆರೆತ ಕೆಂಪು ನೆಲ. ಎಳೆದ ಕೊಂಬೆಗಳ ತೊಗಟೆಯ ಬಿರುಕುಗಳಲ್ಲಿ, ಹಸಿ ಗಾಯಗಳಲ್ಲಿ ಕಡಲೆಕಾಳಿನ ಗಾತ್ರದ ಹರಳುಗಳು ಸಿಕ್ಕಿಕೊಂಡಿದ್ದವು. ಮೊದಲ ಅರ್ಧ ಗಂಟೆ ಯಂತ್ರದ ಕೊಳವೆಯಿಂದ ನಾಣ್ಯದಂಥ ಚೊಕ್ಕ ಚೂರುಗಳು ಹಾರುತ್ತಿದ್ದವು. ಆಮೇಲೆ ಚೂರು ಉದ್ದವಾಯಿತು, ನಾರುನಾರಾಯಿತು, ಜೊತೆಗೆ ಪುಡಿ ಬರತೊಡಗಿತು. ಆಪರೇಟರ್ ಹುಡುಗ ಮಾತಾಡದೆ ಎಂಜಿನ್ ಆರಿಸಿ, ಕೀಲಿ ಕಿತ್ತು ಜೇಬಿಗಿಟ್ಟುಕೊಂಡು, ಸುಮ್ಮನೆ ನಿಂತ. ಎಂಜಿನ್ ನಿಂತರೂ ಬ್ಲೇಡು ಹೊತ್ತ ಒಳಗಿನ ಭಾರವಾದ ರೋಟರ್ ಬಹಳ ಹೊತ್ತು ತಿರುಗುತ್ತಲೇ ಇರುತ್ತದೆ; ಅದು ಪೂರ್ತಿ ನಿಲ್ಲುವವರೆಗೆ ಮುಚ್ಚಳದ ಬೋಲ್ಟಿಗೆ ಅವನು ಕೈ ಹಾಕಲಿಲ್ಲ. ತೆರೆದಾಗ ಬ್ಲೇಡಿನ ಅಂಚಿನಲ್ಲಿ ಗರಗಸದ ಹಲ್ಲಿನಂತೆ ಮೂರು ಕಚ್ಚುಗಳು ಕಂಡವು. ಪುಣ್ಯಕ್ಕೆ ಎರಡೂ ಅಂಚು ಹರಿತವಿರುವ ಬ್ಲೇಡು ಅದು. ತಿರುಗಿಸಿ ಹಾಕಿ, ಎದುರಿನ ಅಲುಗಾಡದ ಅಡಿಗತ್ತಿಗೂ ಅದಕ್ಕೂ ನಡುವಿನ ಸಂದನ್ನು ಗೇಜಿನಿಂದ ನೋಡಿ ಮತ್ತೆ ಬಿಗಿಯುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆಯಿತು. ಸಾಣೆಯ ಖರ್ಚು ನನ್ನ ಲೆಕ್ಕಕ್ಕೆ ಬಂತು; ಅದು ನ್ಯಾಯವೇ ಆಗಿತ್ತು.

ಅಲ್ಲಿಂದ ಮುಂದೆ ಕೆಲಸದ ಯಜಮಾನಿಕೆ ನಮ್ಮ ತೋಟಕ್ಕೆ ಇಪ್ಪತ್ತು ವರ್ಷಗಳಿಂದ ಅಡಿಕೆ ಕೊನೆ ಕೊಯ್ಯಲು ಬರುವ ಹಿರಿಯರ ಕೈಗೆ ಹೋಯಿತು. ಅವರು ಚಿಪ್ಪರನ್ನು ಅದೇ ಮೊದಲ ಸಲ ನೋಡಿದ್ದು. ಆದರೂ ಕಾಲು ಗಂಟೆ ನಿಂತು ನೋಡಿದವರೇ, ಕೊಂಬೆಗಳನ್ನು ಯಂತ್ರದ ಹತ್ತಿರಕ್ಕೆ ತರುವುದನ್ನು ಬಿಟ್ಟು ಯಂತ್ರವನ್ನೇ ಕೊಂಬೆಗಳ ಹತ್ತಿರಕ್ಕೆ ಕರೆದೊಯ್ಯಿರಿ ಎಂದರು. ಚೈನಿನ ಗಾಡಿಗೆ ಬಾಡಿಗೆ ಕೊಟ್ಟದ್ದೇ ಅದಕ್ಕಲ್ಲವೇ! ಮರ ಬಿದ್ದ ಜಾಗದಲ್ಲಿಯೇ ಕೊಂಬೆಗಳನ್ನು ಬಿಡಿಸಿ, ಎತ್ತಿ, ಬುಡಗಳೆಲ್ಲ ಒಂದೇ ದಿಕ್ಕಿಗೆ ಬರುವಂತೆ ಸಾಲಿನುದ್ದಕ್ಕೆ ಅವರು ಜೋಡಿಸಿದರು. ಬುಡ ಮುಂದಾಗಿ ಕೊಟ್ಟರೆ ಕವೆಗಳು ತಾವಾಗಿ ಮಡಿಚಿಕೊಂಡು ಒಳಗೆ ಹೋಗುತ್ತವೆ. ತುದಿ ಮುಂದಾಗಿ ಕೊಟ್ಟರೆ ಪ್ರತಿಯೊಂದು ಕವೆಯೂ ಬಾಯಿಗೆ ಅಡ್ಡವಾಗಿ ನಿಲ್ಲುತ್ತದೆ. ಭತ್ತದ ಸಿವುಡು ಜೋಡಿಸಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಕೊಂಬೆಯನ್ನು ಯಂತ್ರದ ಬಾಯೊಳಗೆ ಎಳೆಯುವ ಉರುಳೆಗಳು ಅದನ್ನು ಕಚ್ಚುವ ಕ್ಷಣವನ್ನು ನೋಡದೆ ಈ ಯಂತ್ರದ ಬಲ ಅರ್ಥವಾಗುವುದಿಲ್ಲ. ಕೈಯಲ್ಲಿದ್ದ ಕೊಂಬೆ ಒಮ್ಮೆಗೇ ಜೀವ ಬಂದಂತೆ ಸೆಟೆದು, ಎಂಜಿನ್ ದನಿ ತಗ್ಗಿ, ಹಿಂದಿನ ತುದಿ ಚಾಟಿಯಂತೆ ಅತ್ತಿತ್ತ ಬೀಸುತ್ತದೆ. ಆದ್ದರಿಂದ ಬದಿಯಲ್ಲಿ ನಿಂತು ಕೊಟ್ಟು, ಕಚ್ಚಿದ ಕೂಡಲೇ ಕೈಬಿಟ್ಟು ಹಿಂದೆ ಸರಿಯಬೇಕು. ದಪ್ಪ ಕೊಂಬೆ ಸಿಕ್ಕಿ ಎಂಜಿನ್ನಿನ ವೇಗ ಒಂದು ಮಿತಿಗಿಂತ ಕುಸಿದರೆ ಉರುಳೆಗಳು ತಾವಾಗಿ ನಿಂತು, ವೇಗ ಮರಳಿದ ಮೇಲೆ ಮತ್ತೆ ಎಳೆಯತೊಡಗುತ್ತವೆ. ಈ ಏರಿಳಿತ ನಮ್ಮ ಕೂಲಿಯವರಿಗೆ ತಮಾಷೆಯಾಗಿ ಕಂಡಿತು. ಆದರೆ ಹೆಗಲಿನ ಟವೆಲ್ಲನ್ನೂ ಉಟ್ಟ ಪಂಚೆಯನ್ನೂ ಬದಲಿಸದೆ ಯಾರೂ ಹತ್ತಿರ ಬರಕೂಡದು ಎಂದು ಆಪರೇಟರ್ ಹಟ ಹಿಡಿದಾಗ ಇಬ್ಬರು ಮುನಿಸಿಕೊಂಡರು. ಅವನು ಹೇಳಿದ್ದೇ ಸರಿ. ನೇತಾಡುವ ಬಟ್ಟೆಯಾಗಲಿ, ಸದೆಯಲ್ಲಿ ಉಳಿದ ಹಗ್ಗದ ತುಂಡಾಗಲಿ ಉರುಳೆಗೆ ಸಿಕ್ಕಿದರೆ ಮನುಷ್ಯ ಬಿಡಿಸಿಕೊಳ್ಳುವಷ್ಟು ಹೊತ್ತು ಅದು ಕೊಡುವುದಿಲ್ಲ. ಗಿಡ್ಡ ತುಂಡುಗಳನ್ನು ಕೈಯಿಂದಲೋ ಕಾಲಿನಿಂದಲೋ ತಳ್ಳದೆ, ಉದ್ದನೆಯ ಇನ್ನೊಂದು ಕೊಂಬೆಯ ಜೊತೆಗೆ ಹಾಕಿದೆವು.

ಮಧ್ಯಾಹ್ನ ಆಸೆಗೆ ಬಿದ್ದು ಉದುರಿದ ಅಡಿಕೆ ಸೋಗೆಗಳನ್ನೂ ತೆಂಗಿನ ಗರಿಗಳನ್ನೂ ಹಾಕಿಸಿ ನೋಡಿದೆ. ಒಣ ಗರಿ ಹೇಗೋ ಹೋಯಿತು. ಅಡಿಕೆ ಸೋಗೆಯ ಬುಡದ ಹಸಿ ಹಾಳೆ ಮಾತ್ರ ಕತ್ತರಿಸದೆ ಸೀಳಿ, ನಾರಾಗಿ ಉರುಳೆಯ ಅಚ್ಚಿಗೆ ಹುರಿಯಂತೆ ಸುತ್ತಿಕೊಂಡಿತು. ಮತ್ತೆ ಎಂಜಿನ್ ಆರಿಸಿ, ಕಾದು, ಕುಡುಗೋಲಿನಿಂದ ಆ ಸುತ್ತನ್ನು ಕೊಯ್ದು ತೆಗೆಯಬೇಕಾಯಿತು. ಹಾಳೆಗೆ ಇದು ತಕ್ಕ ಯಂತ್ರವಲ್ಲ. ಗೊಬ್ಬರದ ಗಿಡದ ನೇರ ಗಳುಗಳನ್ನು ಹಿರಿಯರು ಯಂತ್ರಕ್ಕೆ ಕೊಡಲು ಒಪ್ಪದೆ, ಮಳೆ ಹಿಡಿದ ಮೇಲೆ ಬೇಲಿಗೆ ನೆಡಲು ಪಕ್ಕಕ್ಕಿಟ್ಟರು.

ಸಂಜೆ ಐದಕ್ಕೆ ಕೆಲಸ ಮುಗಿದಾಗ ಯಂತ್ರದ ಮೀಟರು ಇಡೀ ದಿನದಲ್ಲಿ ಮೂರೂವರೆ ಗಂಟೆ ಓಡಿದ್ದಾಗಿ ತೋರಿಸುತ್ತಿತ್ತು. ಉಳಿದ ಹೊತ್ತೆಲ್ಲ ಬಿಡಿಸುವುದಕ್ಕೆ, ಜೋಡಿಸುವುದಕ್ಕೆ, ನನ್ನ ತಪ್ಪುಗಳಿಗೆ. ಗುಡಿಸಲಿನಷ್ಟಿದ್ದ ರಾಶಿ ಒಂದು ಟ್ರಾಲಿಗೂ ಕಡಿಮೆ ಚೂರಾಗಿತ್ತು. ಮರುದಿನ ಬೆಳಗ್ಗೆ ಅದರೊಳಗೆ ಕೈ ಇಟ್ಟರೆ ಬಿಸಿನೀರಿನ ಹಂಡೆಯಷ್ಟು ಬಿಸಿ. ಹಾಗೆಯೇ ಕೊಳೆಯಲು ಬಿಟ್ಟರೆ ತೆಂಗಿನ ಸುಳಿ ಕೊರೆಯುವ ಕುರುವಾಯಿ ಕೀಟ ಮೊಟ್ಟೆಯಿಡಲು ಒಳ್ಳೆಯ ಮನೆಯಾಗುತ್ತದೆ. ಹಾಗಾಗಿ ಎರಡೇ ದಿನದಲ್ಲಿ ಹರಡಿಸಿದೆವು. ಹಸಿ ಚೂರನ್ನು ಮಣ್ಣಿಗೆ ಬೆರೆಸಿದರೆ ಕೊಳೆಯುವಾಗ ಅದು ಗಿಡದ ಪಾಲಿನ ಸಾರಜನಕವನ್ನೇ ಕಸಿಯುತ್ತದೆ. ಅದಕ್ಕೆಂದು ಮೇಲೆಯೇ ಮೂರು ಇಂಚು ದಪ್ಪಕ್ಕೆ ಹಾಸಿ, ಮರದ ಬುಡದಿಂದ ಒಂದು ಗೇಣು ಬಿಟ್ಟೆವು.

ಆ ಹೊದಿಕೆಯ ಕೆಳಗೆ ನೆಲ ತೇವ ಹಿಡಿದಿರುವುದು ಜೂನ್ ತಿಂಗಳಲ್ಲಿ ಮಳೆ ಕೈಕೊಟ್ಟ ವಾರಗಳಲ್ಲಿ ಸ್ಪಷ್ಟವಾಗಿ ಕಂಡಿತು. ಅದೇ ಹೊದಿಕೆ ನಮ್ಮ ಕಣ್ಣನ್ನೂ ಮುಚ್ಚಿತ್ತು: ಹನ್ನೊಂದು ಜಾಯ್ನರ್‌ಗಳಲ್ಲಿ ಒಂದು ಸಡಿಲವಾಗಿ ಹತ್ತು ದಿನ ನೀರು ಸೋರಿದ್ದು ಯಾರಿಗೂ ಗೊತ್ತಾಗಲಿಲ್ಲ. ಬರಿಗಾಲಲ್ಲಿ ಸಾಲು ದಾಟುತ್ತಿದ್ದ ಹಿರಿಯರು ನಿಂತು, “ಇಲ್ಲಿ ತಣ್ಣಗೈತೆ ನೋಡಿ” ಎಂದರು. ಚೂರು ಸರಿಸಿದಾಗ ಬೆಳ್ಳನೆಯ ಬೂಷ್ಟಿನ ಎಳೆಗಳ ನಡುವೆ ಪೈಪು ಸಣ್ಣಗೆ ಚಿಮ್ಮುತ್ತಿತ್ತು.